ವೀಳ್ಯ ಹೊತ್ತ ಹರಿಗೋಲು

ಹಿಪ್ಪೆಮರದಪಾಳ್ಯದಲ್ಲಿ ಸಮುದ್ರವನ್ನು ಕಂಡವನು ಮುನಿಕೃಷ್ಣಪ್ಪ ಒಬ್ಬನೇ. ಕಂಡದ್ದು ಹೆಚ್ಚಾಗಿ ಹಡಗಿನ ಅಂಚಿಗೆ ಗದ್ದ ಊರಿ, ಕೆಳಮುಖವಾಗಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಅದಕ್ಕೆ ಒಪ್ಪಿಸುತ್ತ. ಈ ವಿವರವನ್ನು ಅವನು ಊರಿಗೆ ಹೇಳಿರಲಿಲ್ಲ, ಊರೂ ಕೇಳಿರಲಿಲ್ಲ. ಯಲಹಂಕದಿಂದ ಎರಡು ಮೈಲಿ ದೂರದ ಆ ಹಳ್ಳಿಗೆ ನೀರೆಂದರೆ ದೊಡ್ಡಕೆರೆ, ಅಲೆಯೆಂದರೆ ಎಮ್ಮೆ ಇಳಿದಾಗ ಏಳುವುದು.

ಯುದ್ಧದ ಕಾಲದಲ್ಲಿ ಅವನು ಯಶವಂತಪುರದ ಈರುಳ್ಳಿ ಸಾಹುಕಾರರೊಬ್ಬರ ಮಂಡಿಯಲ್ಲಿ ಮೂಟೆ ತೂಗುತ್ತಿದ್ದ. ಲಾರಿಗಳಿಗೆ ಪೆಟ್ರೋಲು ಸಿಗದೆ ಸಾಹುಕಾರರು ಒಂದು ಸಲ ಮಾಲನ್ನು ರೈಲಿನಲ್ಲಿ ಮಂಗಳೂರಿಗೆ ಕಳಿಸಿ, ಅಲ್ಲಿಂದ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ಸರಕಿನ ಹಡಗಿನಲ್ಲಿ, ಕಾರವಾರ ಮುಟ್ಟಿಸಲು ಹೇಳಿದರು. ಮೂಟೆಗಳ ಕಾವಲಿಗೆ ಮುನಿಕೃಷ್ಣಪ್ಪ ಹೋದ. ಮಂಜಿ ದಡ ಬಿಡದೆ ಮಲ್ಪೆ, ಗಂಗೊಳ್ಳಿ, ಭಟ್ಕಳ ಎಂದು ನಿಂತು ನಿಂತು ಎಂಟು ದಿನ ಹೋಯಿತು. ಆ ಎಂಟು ದಿನಗಳನ್ನು ಅವನು ಮುಂದಿನ ಹದಿನೆಂಟು ವರ್ಷ ಹೇಳಿದ. ಅವನ ಮಾತಿನಲ್ಲಿ ಎರಡು ವಾಕ್ಯಕ್ಕೊಮ್ಮೆ ಬರುತ್ತಿದ್ದವನು ಆ ಮಂಜಿಯ ಯಜಮಾನ ವಾಜಿದ್ ತಂಡೇಲ.

"ಗುರುತಿಲ್ಲದ ಬಂದರಿಗೆ ಸೀದಾ ನುಗ್ಗಬಾರ್ದು ಕಣ್ರಯ್ಯ," ಎಂದು ಅವನು ಅರಳಿಕಟ್ಟೆಯ ಮೇಲೆ ಕೂತು ಬೋಧಿಸುತ್ತಿದ್ದ. "ವಾಜಿದ್ ತಂಡೇಲ ಏನ್ ಮಾಡೋನು? ದಡದಿಂದ ಹತ್ತು ಮಾರು ಆಚೆಗೇ ನಿಲ್ಸೋನು. ಗಂಟೆ ಹೊಡೆಯೋನು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀನಿ, ಏನ್ ಸರಕೈತೆ, ಎಲ್ಲಾ ಕೂಗಿ ಹೇಳೋನು. ಅವ್ರಾಗಿ ಬಾ ಅನ್ನೋಗಂಟ ದಡಕ್ಕೆ ಕಾಲಿಡ್ತಿರ್ಲಿಲ್ಲ. ಇಷ್ಟು ಮರ್ಯಾದೆ ಮಾಡಿದ್ರೆ ನೀರು, ಹಗ್ಗ, ಅಕ್ಕಿ ಯಾವೂರ್ನೋರೂ ಇಲ್ಲ ಅನ್ನಲ್ಲ."

ಕೇಳುವವರು ತಲೆದೂಗುತ್ತಿದ್ದರು. ಯಲಹಂಕದ ಸಂತೆಯ ಆಚೆ ಹೋಗಬೇಕಾದ ಪ್ರಸಂಗವೇ ಇಲ್ಲದವರಿಗೆ ಬಂದರಿನ ಮರ್ಯಾದೆ ತಿಳಿದಿದ್ದರೆ ನಷ್ಟವೇನೂ ಇಲ್ಲ.

ನಷ್ಟ ಬಂದದ್ದು ಸಾವಿರದ ಒಂಬೈನೂರ ಅರವತ್ತೆರಡರ ಕಾರ್ತಿಕದಲ್ಲಿ. ಅವನ ಒಬ್ಬಳೇ ಮಗಳು ಗೌರಮ್ಮನಿಗೆ ಕೆರೆಯ ಆಚೆ ದಡದ ತೂಬಿನಹಳ್ಳಿಯಿಂದ ಸಂಬಂಧ ಕೂಡಿಬಂದಿತ್ತು. ಹುಡುಗ ಚನ್ನಕೇಶವ ಜಕ್ಕೂರಿನಲ್ಲಿ ವಿಮಾನಗಳಿಗೆ ಎಣ್ಣೆ ಹಾಕಿ ಒರೆಸುವ ಕೆಲಸದಲ್ಲಿದ್ದ. ಕೈಗೆ ಗಡಿಯಾರ ಕಟ್ಟುತ್ತಿದ್ದ. ಗೌರಮ್ಮ ಅವನನ್ನು ಹೆಣ್ಣು ನೋಡುವ ಶಾಸ್ತ್ರದ ದಿನ ಬಾಗಿಲ ಸಂದಿಯಿಂದ ನೋಡಿದ್ದಳು. ಆಮೇಲೆ ಜಕ್ಕೂರಿನ ಕಡೆಯಿಂದ ಯಾವ ವಿಮಾನ ಹಾರಿದರೂ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಮಗಳು ಬಾಯಿಬಿಟ್ಟು ಏನೂ ಹೇಳದಿದ್ದರೂ ಮುನಿಕೃಷ್ಣಪ್ಪ ಅದನ್ನು ಕಂಡಿದ್ದ. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡುವುದು ಹೇಗೆ ಎಂಬುದೊಂದೇ ಅವನಿಗೆ ಭಯವಾಗಿತ್ತು.

ಹುಡುಗನ ತಂದೆ ಮುನಿವೆಂಕಟಯ್ಯ ಎರಡು ಬಾವಿ, ಒಂದು ಹೆಂಚಿನ ಮನೆ, ಮತ್ತು ಆ ಮೂರಕ್ಕೂ ತಕ್ಕಷ್ಟು ಗತ್ತು ಇದ್ದ ಮನುಷ್ಯ. ಅವರು ಕಡ್ಡಿ ಮುರಿದಂತೆ ಹೇಳಿದ್ದರು: "ಗುರುವಾರ ಒಂದೂವರೆಗೆ ರಾಹುಕಾಲ. ಅದ್ರೊಳಗೆ ನಿಮ್ಮ ವೀಳ್ಯ ನಮ್ಮ ಕೈಗೆ ಬರ್ಬೇಕು. ಬರ್ನಿಲ್ಲ ಅಂದ್ರೆ ರಾಜಾನುಕುಂಟೆಯೋರೂ ಅವತ್ತೇ ವೀಳ್ಯ ತಗೊಂಡು ಬಸ್ಸಿಗೆ ಬತ್ತಾವ್ರೆ. ಋಣ ಯಾರಿಗಿದ್ರೆ ಅವರಿಗೆ."

ಸೋಮವಾರ ಹಿಡಿದ ಮಳೆ ಬುಧವಾರ ಬಿಟ್ಟಿತು. ಬಿಡುವ ಹೊತ್ತಿಗೆ ದೊಡ್ಡಕೆರೆ ಕೋಡಿ ಬಿದ್ದು, ತೂಬಿನಹಳ್ಳಿಯ ಗಾಡಿದಾರಿ ನೀರಿನಡಿ ಹೋಗಿತ್ತು. ಉಳಿದದ್ದು ಗದ್ದೆ ಬಯಲಿನಲ್ಲಿ ಹತ್ತು ಮೈಲಿ ಸುತ್ತಿಕೊಂಡು ಹೋಗುವ ಕೆಸರಿನ ದಾರಿ.

"ಕೋಳಿ ಕೂಗೋ ಹೊತ್ಗೆ ಹೊರಟ್ರೆ ಹನ್ನೊಂದಕ್ಕೆ ಸೇರ್ಕೋಬಹುದು," ಎಂದಳು ಹೆಂಡತಿ ಮುನಿಕೆಂಪಮ್ಮ.

"ಸಮುದ್ರದಾಗೆ ಎಂಟು ದಿನ ತಿರುಗಿದೋನು ಒಂದ್ ಕೆರೆ ದಾಟಕ್ಕೆ ಕೆಸರು ತುಳೀಲಾ?" ಎಂದ ಮುನಿಕೃಷ್ಣಪ್ಪ. "ನೀರಿನ ಮೇಲೇ ಹೋಗ್ತೀನಿ."

ಹೇಳಿದ ಮರುಗಳಿಗೆಯೇ ಅವನಿಗೆ ಪಶ್ಚಾತ್ತಾಪವಾಯಿತು. ಆದರೆ ಹೆಂಡತಿಯ ತಮ್ಮ ಬೈರಣ್ಣ ಆಗಲೇ ಬೀದಿಗಿಳಿದು ಮೂರು ಮನೆಗೆ ಸುದ್ದಿ ಮುಟ್ಟಿಸಿದ್ದ. ಆಡಿದ ಮಾತು, ಒಡೆದ ಮುತ್ತು. ಸಂಜೆಯ ಹೊತ್ತಿಗೆ ಬಾವನ ಪ್ರಯಾಣಕ್ಕೆ ಬಾವನಿಗಿಂತ ಊರೇ ಹೆಚ್ಚು ಸಿದ್ಧವಾಗಿತ್ತು.

ಕೆರೆಯಲ್ಲಿ ಇದ್ದದ್ದು ಒಂದೇ ಹರಿಗೋಲು. ಬಿದಿರು ಹೆಣೆದು ಚಕ್ಕಳ ಹೊದಿಸಿದ ದುಂಡನೆಯ ಆ ಬುಟ್ಟಿ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಜೈನಾಬಮ್ಮನದು. ಗುರುವಾರ ಬೆಳಿಗ್ಗೆ ಅವಳು ಅದನ್ನು ಕೊಟ್ಟಳು. ಕೊಡುವಾಗ ಒಂದು ಮಾತನ್ನೂ ಹೇಳಿದಳು.

"ಅಣ್ಣಾ, ಇದು ಹಡಗಲ್ಲ. ಸುಮ್ನೆ ಹುಟ್ಟು ಹಾಕಿದ್ರೆ ನಿಂತಲ್ಲೇ ಸುತ್ತುತ್ತೆ. ನಡುನೀರಲ್ಲಿ ನೆಟ್ಟಗೆ ಹೋದ್ರೆ ಅರ್ಧ ಗಂಟೆ ದಾರಿ. ನಮ್ಮೋರು ಸಂತೆಗೆ ಹೋಗವ್ರೆ, ಬರೋತನಕ ನಿಲ್ಲಿ, ದಾಟಿಸಿ ಬರ್ತಾರೆ."

"ಜೈನಾಬಮ್ಮಾ, ನಡುನೀರಿಗೆ ಹೋಗೋನು ದಡ್ಡ. ದಡ ಹಿಡ್ಕೊಂಡೇ ಹೋಗ್ಬೇಕು ಅಂತ ವಾಜಿದ್ ತಂಡೇಲ ಹೇಳೋನು," ಎಂದ ಮುನಿಕೃಷ್ಣಪ್ಪ. ನಡುನೀರಿಗೆ ಹೋಗದಿರಲು ಇನ್ನೊಂದು ಕಾರಣವೂ ಇತ್ತು. ಅವನಿಗೆ ಈಜು ಬರುತ್ತಿರಲಿಲ್ಲ.

ವೀಳ್ಯದ ಸಾಮಾನುಗಳೆಲ್ಲ ಹರಿಗೋಲಿಗೆ ಬಂದವು. ದೊಡ್ಡ ಮೊರದಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ. ಬೀಗಿತ್ತಿಗೆ ಹಸಿರು ಬಳೆ, ಕೆಂಪಂಚಿನ ಹಳದಿ ಸೀರೆ. ಬೀಗರ ಊಟಕ್ಕೆಂದು ಕಾಲು ಕಟ್ಟಿದ ಒಂದು ಹುಂಜ. ಆಚೆ ಸೀಮೆಯಲ್ಲೆಲ್ಲೋ ಸಿಡುಬು ಕಾಣಿಸಿಕೊಂಡಿದೆಯೆಂಬ ಸುದ್ದಿ ಇದ್ದುದರಿಂದ ಮುನಿಕೆಂಪಮ್ಮ ಹರಿಗೋಲಿನ ಸುತ್ತ ಬೇವಿನ ಸೊಪ್ಪು ಸಿಕ್ಕಿಸಿದಳು. ಹಡಗೆಂದ ಮೇಲೆ ಗಂಟೆ ಇರಬೇಕೆಂದು ಮುನಿಕೃಷ್ಣಪ್ಪ ಎತ್ತಿನ ಕೊರಳಿನದನ್ನು ಬಿಚ್ಚಿ ತಂದ. ಜೊತೆಗೆ ಹೋಗಬೇಕಾಗಿದ್ದ ಬೈರಣ್ಣ ಒಂದು ಕಾಲು ಒಳಗಿಟ್ಟ. ಹರಿಗೋಲು ಕಾಲು ಸುತ್ತು ತಿರುಗಿತು. ಅವನು ಆ ಕಾಲನ್ನು ವಾಪಸು ತೆಗೆದುಕೊಂಡು, "ವೀಳ್ಯ ಹೋದ್ರೆ ಮನೆಯೋರೆಲ್ಲ ಹೋದಂಗೇ ಲೆಕ್ಕ ಬಾವಾ," ಎಂದ.

ಗೌರಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು. ಮುನಿಕೃಷ್ಣಪ್ಪ ಅವಳ ಕಡೆ ಕೈ ಬೀಸಿದ. ಬೀಸಿ ಮುಗಿಸುವಷ್ಟರಲ್ಲಿ ಹರಿಗೋಲು ತಿರುಗಿ, ಆ ಕೈ ಎದುರು ದಡಕ್ಕೆ ಸಂದಿತು.

ಮೊದಲ ಅರ್ಧ ಗಂಟೆ ಪ್ರಯಾಣ ಚೆನ್ನಾಗಿಯೇ ಸಾಗಿತು. ಹರಿಗೋಲು ಎರಡು ಸುತ್ತಿಗೊಮ್ಮೆ ಒಂದು ಗಜ ಮುಂದೆ ಹೋಗುತ್ತಿತ್ತು. ಆಮೇಲೆ ನೀರಿನಡಿ ಮುಳುಗಿದ್ದ ಜಾಲಿಯ ಮರವೊಂದು ಹುಟ್ಟನ್ನು ಹಿಡಿದುಕೊಂಡಿತು. ಮುನಿಕೃಷ್ಣಪ್ಪ ಎಳೆದ, ಜಾಲಿಯೂ ಎಳೆಯಿತು. ಜಾಲಿಗೆ ಬೇರಿತ್ತು, ಅವನಿಗೆ ಇರಲಿಲ್ಲ. ಹುಟ್ಟನ್ನು ಅಲ್ಲೇ ಬಿಟ್ಟು, ತಲೆ ಸುತ್ತಿ ಹೊಟ್ಟೆ ತೊಳಸಿ, ಗಾಳಿ ಬೀಸಿದ ಕಡೆ ತೇಲುತ್ತ ಅವನು ಹತ್ತು ಗಂಟೆಯ ಸುಮಾರಿಗೆ ಹುಣಸೇಪಾಳ್ಯದ ದಡದ ಹತ್ತಿರ ಬಂದ. ಅಲ್ಲಿ ಏಳೆಂಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಗುರುತಿಲ್ಲದ ಬಂದರು. ಮುನಿಕೃಷ್ಣಪ್ಪ ವಾಜಿದ್ ತಂಡೇಲನನ್ನು ನೆನೆದು ಎದ್ದು ನಿಂತ. ಗಂಟೆ ಬಾರಿಸಿದ. ತೂರಾಡುತ್ತ, ಗಟ್ಟಿಯಾಗಿ ಕೂಗಿದ.

"ನಾನು ಹಿಪ್ಪೆಮರದಪಾಳ್ಯದಿಂದ ಬಂದಿದೀನಿ. ತೂಬಿನಹಳ್ಳಿಗೆ ಹೋಗ್ಬೇಕು. ಸೀರೆ, ಬಳೆ, ಅರಿಶಿನ ಕುಂಕುಮ, ಹುಂಜ ತಂದಿದೀನಿ." ಇಲ್ಲಿ ಹರಿಗೋಲು ತಿರುಗಿದ್ದರಿಂದ ಮುಂದಿನ ಮಾತನ್ನು ಅವನು ಕೆರೆಗೆ ಹೇಳಿದ. ಮತ್ತೆ ದಡ ಎದುರಾದಾಗ, "ನೀವು ಬಾ ಅನ್ನೋಗಂಟ ನಿಮ್ಮೂರಿಗೆ ಕಾಲಿಡಲ್ಲ. ಕುಡಿಯಕ್ಕೆ ನೀರು ಕೊಡಿ, ಒಂದು ಗಳ ಕೊಡಿ," ಎಂದು ಮುಗಿಸಿದ.

ಹೆಂಗಸರು ಬಟ್ಟೆಗಳನ್ನು ಕಲ್ಲಿನ ಮೇಲೇ ಬಿಟ್ಟು ಊರೊಳಕ್ಕೆ ಓಡಿದರು.

ಅವರನ್ನು ದೂರುವಂತಿಲ್ಲ. ಆ ಸೀಮೆಯಲ್ಲಿ ಸಿಡುಬಿನ ಸುದ್ದಿ ಬಂದಾಗ ಮಾರಿಯನ್ನು ಕಳಿಸಿಕೊಡುವ ಕ್ರಮವೊಂದಿತ್ತು. ಅವಳನ್ನು ಗದರಿಸಿ ಓಡಿಸುವಂತಿಲ್ಲ, ಮರ್ಯಾದೆಯಿಂದ ಕಳಿಸಬೇಕು. ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು, ಬೇವು ಕಟ್ಟಿ, ಕೋಳಿಯನ್ನು ಜೊತೆ ಮಾಡಿ, ಗಂಟೆ ಬಾರಿಸುತ್ತ ಪಕ್ಕದೂರಿನ ಗಡಿಯಲ್ಲಿ ಬಿಟ್ಟು ಬರಬೇಕು. ಆ ಊರಿನವರು ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿ, ಅವಳನ್ನು ಊರೊಳಕ್ಕೆ ಬಿಟ್ಟುಕೊಳ್ಳದೆ, ಅದರಾಚೆಯ ಊರಿನ ಗಡಿಗೆ ದಾಟಿಸಬೇಕು. ಹೀಗೆ ಮಾರಿ ಎಲ್ಲಿಯೂ ಇಳಿಯದೆ, ಹೋದ ಹಾಗೆಲ್ಲ ಸಿರಿವಂತಳಾಗುತ್ತ ಹೋಗುತ್ತಿದ್ದಳು. ಈ ವರ್ಷ ಗಾಡಿದಾರಿ ಮುಳುಗಿತ್ತು. ಆದ್ದರಿಂದ ತಾಯಿ ಯಾರೋ ಒಬ್ಬನ ಮೈಮೇಲೆ ಬಂದು, ತೂರಾಡಿಕೊಂಡು, ನೀರಿನ ಮೇಲೆಯೇ ಹೊರಟಿದ್ದಾಳೆ. ಹುಣಸೇಪಾಳ್ಯಕ್ಕೆ ಇದರಲ್ಲಿ ಅನುಮಾನ ಪಡುವಂಥದು ಏನೂ ಕಾಣಲಿಲ್ಲ.

ಕಾಲು ಗಂಟೆಯೊಳಗೆ ಊರೆಲ್ಲ ತಮಟೆಯ ಸಮೇತ ದಡಕ್ಕೆ ಬಂತು. ಯಾರೋ ಆರತಿ ಎತ್ತಿದರು. ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಕುಡಿಕೆಯಲ್ಲಿ ನೀರು ಬಂತು. ಅದೇ ಬಿದಿರಿನ ತುದಿಯಲ್ಲಿ ನಿಂಬೆಹಣ್ಣಿನ ಹಾರ ಬಂದು ಅವನ ಕೊರಳಿಗೆ ಬಿತ್ತು. ಎರಡು ಕೋಳಿ, ಒಂದು ಕುಂಬಳಕಾಯಿ ಬಂದವು. ದಡದಿಂದಲೇ ಎರಚಿದ ಕುಂಕುಮ ಅವನ ಒದ್ದೆ ಮುಖದ ಮೇಲೆ ಬೊಟ್ಟು ಬೊಟ್ಟಾಗಿ ಅಂಟಿಕೊಂಡಿತು.

ಮುನಿಕೃಷ್ಣಪ್ಪನಿಗೆ ಕಣ್ಣು ತುಂಬಿ ಬಂತು. ಇಂಥ ಉಪಚಾರ ಮಲ್ಪೆಯಲ್ಲೂ ಸಿಕ್ಕಿರಲಿಲ್ಲ. "ಇಷ್ಟೆಲ್ಲ ಯಾಕ್ ತೊಂದ್ರೆ ತಗೊಂಡ್ರಿ," ಎಂದ ಅವನು. "ಗಳ ಒಂದು ಕೊಟ್ಟಿದ್ರೆ ಸಾಕಾಗಿತ್ತು."

"ಗಳ ಕೇಳ್ತೈತೆ ಕಣ್ರಪ್ಪ, ಕೊಡಿ," ಎಂದಳು ಒಬ್ಬ ಮುದುಕಿ. ನಾಲ್ವರು ಗಂಡಸರು ಗಳ ತಂದು, ಅದರ ತುದಿಯನ್ನು ಭಕ್ತಿಯಿಂದ ಅವನ ಪಕ್ಕೆಗೆ ಕೊಟ್ಟು, ಹರಿಗೋಲನ್ನು ಕೆರೆಯೊಳಕ್ಕೆ ನೂಕಿದರು.

"ತೂಬಿನಹಳ್ಳಿಗೇ ಓಗವ್ವ ತಾಯಿ," ಎಂದು ಮುದುಕಿ ಕೈಮುಗಿದಳು. "ಅಲ್ಲಿ ಉಳ್ಳೋರವ್ರೆ. ನಾವು ಬಡವ್ರು."

ಬೊಗಸೆಯಿಂದಲೇ ನೀರನ್ನು ತಳ್ಳುತ್ತ, ಪಕ್ಕೆ ಉಜ್ಜಿಕೊಳ್ಳುತ್ತ ಮುನಿಕೃಷ್ಣಪ್ಪ ಯೋಚಿಸಿದ. ಒಳ್ಳೆಯ ಜನ, ಆದರೆ ಗಳ ಕೊಡುವ ಕ್ರಮ ತಿಳಿಯದು.

ಅವನಿಗಿಂತ ಮುಂಚೆ ಸುದ್ದಿ ಹೋಗಿತ್ತು. ಬಿದಿರುಗುಪ್ಪೆಯ ದಡದಲ್ಲಿ ಜನ ಆಗಲೇ ಸಾಲಾಗಿ ನಿಂತಿದ್ದರು. ಅವರ ನಡುವೆ ಖಾಕಿ ಕೋಟು, ಛತ್ರಿ, ಚರ್ಮದ ಪೆಟ್ಟಿಗೆಯ ಸಮೇತ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ವೆಂಕಟರಾಮಯ್ಯನವರೂ ಇದ್ದರು. ಸಿಡುಬಿನ ದಾಕು ಹಾಕಲು ಅವರು ಆ ಊರಿಗೆ ಬಂದು ಎರಡು ದಿನವಾಗಿತ್ತು. ಎರಡು ದಿನದಲ್ಲಿ ಅವರ ಸೂಜಿಗೆ ಸಿಕ್ಕಿದ್ದವನು ಕಿವುಡನಾದ ಒಬ್ಬ ತಳವಾರ ಮಾತ್ರ. ಮಿಕ್ಕವರು, ದಾಕು ಹಾಕಿಸಿಕೊಂಡರೆ ಅಮ್ಮನಿಗೆ ಕೋಪ ಬರುತ್ತದೆಂದು ಅವರನ್ನು ಕಂಡಾಗಲೆಲ್ಲ ರಾಗಿ ಹೊಲಕ್ಕೆ ಇಳಿದುಬಿಡುತ್ತಿದ್ದರು.

ಮುನಿಕೃಷ್ಣಪ್ಪ ಗಂಟೆ ಬಾರಿಸಿ ತನ್ನ ಒಪ್ಪಿಸುವ ಪಾಠ ಶುರುಮಾಡಿದ. ವೆಂಕಟರಾಮಯ್ಯನವರು ಕನ್ನಡಕ ಒರೆಸಿ ನೋಡಿದರು. ಊರಿಗೆ ಕಂಡದ್ದು ದೇವತೆ. ಇಲಾಖೆಗೆ ಕಂಡದ್ದು ಮುಖದ ತುಂಬ ಕೆಂಪು ಬೊಕ್ಕೆ ಎದ್ದ, ನಿಲ್ಲಲಾರದೆ ತೂರಾಡುವ ಒಬ್ಬ ರೋಗಿ. ಅವರು ಪಂಚೆ ಎತ್ತಿ ಕಟ್ಟಿ, ಛತ್ರಿ ಮಡಚಿಕೊಂಡು, ಮೊಣಕಾಲುದ್ದ ನೀರಿಗಿಳಿದು, ಛತ್ರಿಯ ಕೊಕ್ಕೆಯಿಂದ ಹರಿಗೋಲನ್ನು ಹಿಡಿದು ನಿಲ್ಲಿಸಿದರು.

"ಮೈ ಬಿಸಿ ಇದೆಯೇನಯ್ಯ?"

"ಬಿಸ್ಲಲ್ಲಿದೀನಲ್ಲ ಸ್ವಾಮಿ, ಇರ್ಬಹುದು."

"ತಲೆಸುತ್ತು?"

"ಅದು ಹೊರಟಾಗ್ಲಿಂದ ನಿಂತೇ ಇಲ್ಲ."

"ವಾಂತಿ?"

"ಎರಡ್ ಸಲ. ಸಮುದ್ರದಾಗೆ ಇನ್ನೂ ಜಾಸ್ತಿ ಆಗಿತ್ತು."

"ಮೈಕೈ ನೋವು?"

"ಪಕ್ಕೇಲಿ ಭಾರಿ ನೋವು ಸ್ವಾಮಿ. ಹುಣಸೇಪಾಳ್ಯದಾಗೆ ಬಂತು."

ವೆಂಕಟರಾಮಯ್ಯನವರು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಇಂಥ ಸ್ಪಷ್ಟವಾದ ರೋಗಿ ಅವರಿಗೆ ಇಡೀ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ. ಕಾಯಿಲೆ ಬಂದ ಮೇಲೆ ದಾಕು ಹಾಕಿ ಏನು ಪ್ರಯೋಜನವೆಂದು ಬೇರೆಯವರಾದರೆ ಯೋಚಿಸುತ್ತಿದ್ದರು. ಎರಡು ದಿನದಿಂದ ತೋಳೇ ಕಾಣದ ವೆಂಕಟರಾಮಯ್ಯನವರು ಮುನಿಕೃಷ್ಣಪ್ಪನ ಎರಡೂ ತೋಳಿಗೆ ಚುಚ್ಚಿದರು. ಬಂದರಿನಲ್ಲಿ ಇದೂ ಒಂದು ಸುಂಕವಿರಬೇಕು ಎಂದುಕೊಂಡು ಅವನು ಎರಡನೆಯ ತೋಳನ್ನು ತಾನೇ ಚಾಚಿಕೊಟ್ಟಿದ್ದ.

ದಡದಲ್ಲಿ ಜನ ಕತ್ತು ಚಾಚಿ ನೋಡಿದರು.

"ಅಮ್ಮನೇ ದಾಕು ಆಕಿಸ್ಕೊಂಡ್ಲು ಕಣಲೇ," ಎಂದ ಒಬ್ಬ. "ಕೋಪ ಮಾಡ್ಕಳಾದಿರ್ಲಿ, ಎಲ್ಡೂ ತೋಳು ಕೊಟ್ಲು."

ಅಷ್ಟು ಸಾಕಾಯಿತು. ಗಂಡಸರು, ಹೆಂಗಸರು, ಸೊಂಟದ ಮಕ್ಕಳು, ಎಲ್ಲರೂ ತೋಳು ಬಿಚ್ಚಿಕೊಂಡು ವೆಂಕಟರಾಮಯ್ಯನವರ ಮೇಲೆ ಬಿದ್ದರು. ಅವರು ದಡಕ್ಕೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಏನೋ ಗೀಚಿ ಮುನಿಕೃಷ್ಣಪ್ಪನ ಕೈಗಿತ್ತರು.

"ಇದು ಸರ್ಕಾರಿ ಆರ್ಡರು. ಹದಿನಾಲ್ಕು ದಿನ ನೀನು ಯಾವ ಊರಿಗೂ ಇಳೀಕೂಡದು."

"ಸ್ವಾಮಿ, ಒಂದೂವರೆಗೆ ನಾನು ತೂಬಿನಹಳ್ಳೀಲಿ ಇಳೀಲೇಬೇಕು. ಮಗಳ ವೀಳ್ಯ."

"ಇಳಿದರೆ ಕೇಸ್ ಹಾಕ್ತೀನಿ," ಎಂದು ಅವರು ಛತ್ರಿಯ ಕೊಕ್ಕೆ ಬಿಡಿಸಿದರು. ಉಳಿದ ಕೆಲಸವನ್ನು ಬಿದಿರುಗುಪ್ಪೆಯ ಗಳಗಳು ಮಾಡಿದವು. ಹೀಗೆ ದೇವರ ಭಯವಿದ್ದವರೂ ಸರ್ಕಾರದ ಸಂಬಳ ತಿನ್ನುವವರೂ ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಆ ವಿಷಯ ಮುನಿಕೃಷ್ಣಪ್ಪ.

ಈಗ ಅವನಿಗೆ ಅರ್ಥವಾಗತೊಡಗಿತು. ಕೊರಳಿನ ನಿಂಬೆಹಣ್ಣು ನೋಡಿಕೊಂಡ. ಬೇವಿನ ಸೊಪ್ಪು, ಸೀರೆ, ಬಳೆ, ಬಿದಿರುಗುಪ್ಪೆಯ ಎರಡೂ ಸೇರಿ ಈಗ ಐದಾಗಿದ್ದ ಕೋಳಿಗಳನ್ನು ನೋಡಿದ. ಚಿಕ್ಕಂದಿನಲ್ಲಿ ತಾನೇ ತಮಟೆಯ ಹಿಂದೆ ಓಡಿ ಇಂಥದೊಂದು ಮೊರವನ್ನು ಗಡಿ ದಾಟಿಸಿ ಬಂದದ್ದು ನೆನಪಾಯಿತು. ನಿಂಬೆಹಣ್ಣಿನ ಹಾರವನ್ನು ಕಿತ್ತು ನೀರಿಗೆಸೆದ. ಮುಖ ತೊಳೆದ. ಕುಂಕುಮ ಇನ್ನಷ್ಟು ಹರಡಿಕೊಂಡಿತು.

ಗಾಳಿ ಅವನನ್ನು ತೂಬಿನಹಳ್ಳಿಗೆ ತಂದಾಗ ಒಂದು ಗಂಟೆ ದಾಟಿತ್ತು. ದಡದ ತುಂಬ ಜನ, ಎಲ್ಲರ ಕೈಯಲ್ಲೂ ಗಳ. ಎಲ್ಲರಿಗಿಂತ ಮುಂದೆ, ಎಲ್ಲಕ್ಕಿಂತ ಉದ್ದದ ಗಳ ಹಿಡಿದು, ಬೀಗರಾಗಬೇಕಾದ ಮುನಿವೆಂಕಟಯ್ಯನವರೇ ನಿಂತಿದ್ದರು. ಅವರ ಬೆನ್ನಿಗೆ ಸರಿಗೆ ಪಂಚೆಯ ನಾಲ್ವರು ಅಪರಿಚಿತರು ಇದ್ದರು. ರಾಜಾನುಕುಂಟೆಯ ಬಸ್ಸು ಬಂದಿತ್ತು.

ಮುನಿಕೃಷ್ಣಪ್ಪ ಗಂಟೆ ಬಾರಿಸಲಿಲ್ಲ, ಬಂದರಿನ ಮರ್ಯಾದೆಯನ್ನೆಲ್ಲ ಮರೆತ. "ಬೀಗ್ರೇ, ನಾನು ಕಣ್ರೀ, ಮುನಿಕೃಷ್ಣಪ್ಪ," ಎಂದು ಅರಚಿದ.

ಮುನಿವೆಂಕಟಯ್ಯನವರ ಗಳ ಸ್ವಲ್ಪ ತಗ್ಗಿತು. "ಅವ್ರೇ ಕಣಯ್ಯ," ಎಂದರು ಪಕ್ಕದಲ್ಲಿದ್ದ ಪೂಜಾರಿಗೆ.

"ಮೈ ಅವ್ರದೇ. ಮಾತು ತಾಯೀದು," ಎಂದ ಪೂಜಾರಿ. "ನಂಬ್ಬೇಡಿ ಗೌಡ್ರೇ. ಗೊತ್ತಿರೋರ ದನೀಲೇ ಕರೆಯಾದು ಅವಳು."

"ಹೋದ ತಿಂಗಳು ನಿಮ್ಮನೇಲಿ ಕೂತು ಮಾತಾಡಿ ಬಂದ್ನಲ್ಲ ಬೀಗ್ರೇ. ನಿಮ್ಮ ಕಪಿಲೆ ಹಸ ಕರು ಹಾಕಿತ್ತು. ನಿಮ್ಮ ಹಿಂದಿನ್ ಬಾವಿ ನೀರು ಸಪ್ಪೆ ಅಂದ್ರಿ. ನಿಮಗೆ ಎಡಗಾಲಲ್ಲಿ ವಾಯು."

"ಎಲ್ಲಾ ಗೊತ್ತೈತೆ ತಾಯಿಗೆ," ಎಂದು ಪೂಜಾರಿ ಅಡ್ಡಬಿದ್ದ. ಅವನ ಹಿಂದೆ ಅರ್ಧ ಊರು ಅಡ್ಡಬಿತ್ತು. ಮುನಿವೆಂಕಟಯ್ಯನವರು ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡು ಗಳವನ್ನು ಮತ್ತೆ ಮೇಲೆತ್ತಿದರು.

ಇನ್ನು ಹೇಳಲು ಮುನಿಕೃಷ್ಣಪ್ಪನ ಬಳಿ ಏನೂ ಉಳಿದಿರಲಿಲ್ಲ, ನಿಜವೊಂದನ್ನು ಬಿಟ್ಟು. ಅವನು ಹರಿಗೋಲಿನಲ್ಲಿ ಕುಕ್ಕರಿಸಿದ. ಅಳು ಬಂತು, ತಡೆದುಕೊಳ್ಳಲಿಲ್ಲ.

"ನಂಗೆ ಸಮುದ್ರ ಗೊತ್ತಿಲ್ಲ ಬೀಗ್ರೇ," ಎಂದ. "ಎಂಟು ದಿನವೂ ಮಂಜೀಲಿ ಬೋರಲು ಬಿದ್ದು ವಾಂತಿ ಮಾಡ್ದೆ. ತಂಡೇಲ ನನ್ನನ್ನ ಈರುಳ್ಳಿ ಮೂಟೆಗೆ ಕಟ್ಟಿ ಹಾಕಿದ್ದ, ಉರುಳಿ ನೀರಿಗೆ ಬಿದ್ದೋಗ್ತೀನಿ ಅಂತ. ನಂಗೆ ಈಜೂ ಬರಲ್ಲ. ಹೆಂಡ್ತಿ ನಡ್ಕೊಂಡು ಹೋಗು ಅಂದ್ಲು, ಜಂಬಕ್ಕೆ ಇದ್ರಲ್ಲಿ ಕೂತೆ. ತಪ್ಪು ನಂದು. ಮಗೂದು ಏನೂ ತಪ್ಪಿಲ್ಲ. ನಿಮ್ಮ ಹುಡುಗನ್ನ ಮೆಚ್ಕೊಂಡೈತೆ ಅದು. ವಿಮಾನ ಹಾರಿದ್ರೆ ಒಲೆ ಮೇಲಿನ ಹಾಲು ಬಿಟ್ಟು ಬಂದು ನೋಡ್ತೈತೆ. ನನ್ನ ಬೇಕಾದ್ರೆ ಮುಳುಗಿಸ್ಬಿಡಿ, ಈ ವೀಳ್ಯ ಒಂದ್ ತಗೊಳ್ಳಿ."

ಜನದ ಹಿಂದಿನಿಂದ ಚನ್ನಕೇಶವ ಮುಂದೆ ಬಂದ. ವಿಮಾನದ ಮಾತು ಕೇಳಿ ಅವನ ಕಿವಿ ಕೆಂಪಾಗಿತ್ತು.

"ಪೂಜಾರಪ್ಪ, ಈಜು ಬರದೇ ಇರೋ ದೇವ್ರನ್ನ ನೀವು ಎಲ್ಲಾದ್ರೂ ಕಂಡಿದೀರಾ?" ಎಂದು ಕೇಳಿದ.

ಪೂಜಾರಿ ಯೋಚಿಸಿದ. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಯೋಚಿಸುತ್ತಿರುವಾಗಲೇ ಚನ್ನಕೇಶವ ಗಡಿಯಾರ ನೋಡಿಕೊಂಡು, ಅದನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿ, ಸೊಂಟಮಟ್ಟದ ನೀರಿಗಿಳಿದು, ಮೊರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ಅಪ್ಪಯ್ಯ, ಒಂದೂ ಇಪ್ಪತ್ತು. ಒಪ್ಪಿದೀವಿ ಅನ್ನಿ."

"ಮುಟ್ಬುಟ್ಟನಲ್ಲಪ್ಪೋ," ಎಂದು ಊರು ನಿಟ್ಟುಸಿರಿಟ್ಟಿತು. ಪೂಜಾರಿಗೆ ಕೊನೆಗೂ ಗೊತ್ತಿದ್ದ ವಿಷಯ ಸಿಕ್ಕಿತು. "ತಾಯಿ ಮೊರ ಮುಟ್ಟಿದೋನು ತಾಯಿ ಜೊತೇಲೇ ಗಡಿ ದಾಟ್ಬೇಕು. ಮೂರು ದಿನ ಊರಿಗೆ ಕಾಲಿಡಂಗಿಲ್ಲ. ಇದು ಅಜ್ಜನ ಕಾಲದ ಕಟ್ಟು."

ರಾಜಾನುಕುಂಟೆಯ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರಿಯ ಮೊರ ಮುಟ್ಟಿದ ಗಂಡು ಅವರಿಗೆ ಬೇಕಿರಲಿಲ್ಲ. ವಾಪಸು ಹೋಗುವ ಬಸ್ಸಿನ ಹೊತ್ತಾಯಿತೆಂದು ಹಿರಿಯರು ಹೇಳಿದರು. ಕಿರಿಯರು ಆಗಲೇ ಹೋಗಿಯಾಗಿತ್ತು.

ಮುನಿವೆಂಕಟಯ್ಯನವರು ಹೋಗುವ ಆ ಬೆನ್ನುಗಳನ್ನು ನೋಡಿದರು, ನೀರಿನಲ್ಲಿ ನಿಂತ ಮಗನನ್ನು ನೋಡಿದರು. ಅವರ ಗತ್ತಿಗೆ ಇಂಥ ಇಕ್ಕಟ್ಟು ಎಂದೂ ಬಂದಿರಲಿಲ್ಲ. ಅವರ ಹೆಂಡತಿ ಮುನಿಶಾಮಮ್ಮ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಒಪ್ಪಿದೀವಿ ಅನ್ರೀ. ಅತ್ತ ಮಗನೂ ಇಲ್ಲ, ಇತ್ತ ಸೊಸೇನೂ ಇಲ್ಲ ಅಂತ ಕೂತ್ಕಂತೀರಾ?"

"ಒಪ್ಪಿದೀವಿ," ಎಂದರು ಮುನಿವೆಂಕಟಯ್ಯನವರು. ರಾಹುಕಾಲಕ್ಕೆ ಇನ್ನೂ ಐದು ನಿಮಿಷವಿತ್ತು.

ಚನ್ನಕೇಶವ ಹರಿಗೋಲು ಹತ್ತಿ, ನೂಕಲು ಬಂದ ತಂದೆಯ ಗಳವನ್ನೇ ಕಿತ್ತುಕೊಂಡ. ತಾಯಿ ಒಂದು ಬಟ್ಟೆಯ ಗಂಟನ್ನು, ಅದರ ಹಿಂದೆ ನಾಲ್ಕು ರಾಗಿ ರೊಟ್ಟಿಯನ್ನು ಎಸೆದಳು. "ಮಾವ, ನೀವು ನಡುವೆ ಅಲ್ಲಾಡದೆ ಕೂತ್ಕೊಳ್ಳಿ," ಎಂದ ಅವನು. ಮುನಿಕೃಷ್ಣಪ್ಪ ಕೋಳಿಗಳ ನಡುವೆ ಕೂತು ಕಣ್ಣು ಮುಚ್ಚಿದ. ಹರಿಗೋಲು ನಡುನೀರಿನಲ್ಲಿ, ಒಂದೇ ಒಂದು ಸುತ್ತೂ ತಿರುಗದೆ, ಅರ್ಧ ಗಂಟೆಯಲ್ಲಿ ಹಿಪ್ಪೆಮರದಪಾಳ್ಯಕ್ಕೆ ಬಂತು.

ದಡದಲ್ಲಿ ಮುನಿಕೆಂಪಮ್ಮ, ಬೈರಣ್ಣ, ಜೈನಾಬಮ್ಮ, ಊರಿನ ಹತ್ತಾರು ಜನ ಕಾದಿದ್ದರು. ಸುದ್ದಿ ಹೇಗೋ ಇಲ್ಲಿಗೂ ಮುಟ್ಟಿತ್ತು. ತೂಬಿನಹಳ್ಳಿಯವರು ಯಾರನ್ನೋ ಮಾರಿಯ ಜೊತೆ ಸಾಗಹಾಕಿದರಂತೆ ಎಂಬಷ್ಟು. ಮುನಿಕೃಷ್ಣಪ್ಪ ಇಳಿದು ನೆಲ ಮುಟ್ಟಿ ನಮಸ್ಕರಿಸಿದ. ಅವನನ್ನು ಯಾರೂ ತಡೆಯಲಿಲ್ಲ. ಅವನು ಹೇಗೆ ಹೊರಟಿದ್ದನೆಂದು ಎಲ್ಲರೂ ನೋಡಿದ್ದರು.

"ವೀಳ್ಯ ಕೊಟ್ರಾ?" ಎಂದಳು ಮುನಿಕೆಂಪಮ್ಮ.

"ಕೊಟ್ಟೆ."

"ಅವ್ರ ಕಡೆಯಿಂದ ಏನ್ ಕೊಟ್ರು?"

ಮುನಿಕೃಷ್ಣಪ್ಪ ಪಕ್ಕಕ್ಕೆ ಸರಿದು ನಿಂತ. ಅವನ ಹಿಂದೆ, ತೊಡೆಮಟ್ಟದ ನೀರಿನಲ್ಲಿ, ಒಂದು ಕೈಯಲ್ಲಿ ಮೊರ, ಒಂದು ಕೈಯಲ್ಲಿ ಕೋಳಿಗಳನ್ನು ಹಿಡಿದು ಚನ್ನಕೇಶವ ನಿಂತಿದ್ದ. ಬೆಳಗಿನಿಂದ ಆ ಕೆರೆಯ ಸುತ್ತ ನಡೆದದ್ದನ್ನೆಲ್ಲ ದಾರಿಯಲ್ಲಿ ಮಾವನಿಂದ ಕೇಳಿದ್ದ ಅವನು ಮುಂದೆ ಬರಲಿಲ್ಲ.

"ಇಳೀಬಹುದಾ?" ಎಂದು ಕೇಳಿದ.

ಬೈರಣ್ಣ ಬೇಲಿಯಿಂದ ಒಂದು ಗಳ ಎಳೆದುಕೊಂಡ. "ಅಲ್ಲ ಅಕ್ಕ, ಮಾರಿ ಮೊರ ಮುಟ್ಟಿದೋರು ಅಂತಾರೆ. ಮೂರು ದಿನ ಕಳೀಲಿ. ಶಾಸ್ತ್ರ ಅಂತ ಒಂದಿರ್ತದಲ್ಲ," ಎಂದ. ಮುನಿಕೆಂಪಮ್ಮ ಗಂಡನ ಮುಖ ನೋಡಿದಳು. ಮುನಿಕೃಷ್ಣಪ್ಪನಿಗೆ ಪಕ್ಕೆ ಮತ್ತೆ ನೋಯತೊಡಗಿತು.

ಬೇಲಿಯ ಹತ್ತಿರ ನಿಂತಿದ್ದ ಗೌರಮ್ಮ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ನೀರು ತುಂಬಿದ ಚೊಂಬಿತ್ತು. ಅವಳು ತಾಯಿಯನ್ನು ದಾಟಿ, ಸೋದರಮಾವನ ಗಳದ ಅಡಿಯಲ್ಲಿ ಬಗ್ಗಿ, ದಡದ ಒಗೆಯುವ ಕಲ್ಲಿನ ಮೇಲೆ ಚೊಂಬನ್ನಿಟ್ಟು, ತಲೆ ಎತ್ತದೆ ಹೇಳಿದಳು.

"ಬನ್ನಿ. ಕಾಲು ತೊಳ್ಕೊಳ್ಳಿ."

ಚನ್ನಕೇಶವ ದಡಕ್ಕೆ ಕಾಲಿಟ್ಟ.